ಯಾವ ವರ್ಷ ಬಂದಿರಿ?

ನಮ್ಮ ಬೀದಿಯ ತುದಿಯಲ್ಲಿ ಒಂದು ಹಳೆಯ ಮರದ ಡಿಪೋ ಇತ್ತು. ಮೂರು ತಿಂಗಳ ಹಿಂದೆ ಅದರ ಗೇಟಿಗೆ ಹಸಿರು ಬಟ್ಟೆ ಕಟ್ಟಿದರು. ಮರುದಿನ ಅದರ ಮೇಲೊಂದು ದೊಡ್ಡ ಬೋರ್ಡು ಬಂತು. ನೆಲ ಅಂತಸ್ತಿನ ಮೇಲೆ 19 ಮಹಡಿ, ಮೈತುಂಬ ಗಾಜು, ನೆತ್ತಿಯಲ್ಲಿ ನೀಲಿ ಈಜುಕೊಳ. ಸಂಜೆ ಆಫೀಸಿನಿಂದ ಬಂದ ನಾನು ಬೈಕ್ ನಿಲ್ಲಿಸಿ ನೋಡುತ್ತಾ ನಿಂತೆ. ಚಿತ್ರದಲ್ಲಿ ನಮ್ಮ ಮನೆ ಇರಬೇಕಾದ ಕಡೆ ಹುಲ್ಲುಹಾಸು ಬರೆದಿದ್ದರು. ನಮ್ಮದೊಂದೇ ಅಲ್ಲ, ಇಡೀ ಬೀದಿಯೇ ಹುಲ್ಲುಹಾಸು.

ನಾವಿರುವುದು ಚೆನ್ನೈನ ಪಟ್ಟಾಳಂ ಹತ್ತಿರ. ಒಂದು ಕಡೆ ಪುರಸೈವಾಕ್ಕಂ, ಇನ್ನೊಂದು ಕಡೆ ಪೆರಂಬೂರು, ನಡುವೆ ಓಟ್ಟೇರಿ, ಪುಳಿಯಾಂತೋಪು. ಸೆಂಟ್ರಲ್ ಸ್ಟೇಷನ್ನಿಗೆ ಆಟೋದಲ್ಲಿ ಹದಿನೈದು ನಿಮಿಷ. ಐಟಿಯವರು ಸಾಮಾನ್ಯವಾಗಿ ಮನೆ ಹುಡುಕುವ ಪ್ರದೇಶ ಇದಲ್ಲ. 2014ರಲ್ಲಿ ನಾವು ಬಂದಿದ್ದು ಬಾಡಿಗೆ ಕಡಿಮೆ ಎಂದು. ಮತ್ತೆ ಬೇರೆ ಕಡೆ ಹೋಗದೆ ಉಳಿದಿದ್ದು ಬೀದಿ ಒಗ್ಗಿತು ಎಂದು.

ಬೋರ್ಡು ಬಂದ ಮೇಲೆ ಬೀದಿಯಲ್ಲಿ ಬೇರೆ ಮಾತಿಲ್ಲ. ಒಂದು ಭಾನುವಾರ ಸಂಜೆ ನಮ್ಮ ಮನೆಯ ಓನರ್ ಅಮ್ಮ ತಾರಸಿಯ ಮೇಲೆ ಎಲ್ಲರನ್ನೂ ಸೇರಿಸಿದರು. ನನಗೆ ವಿಶೇಷ ಆಹ್ವಾನ. "ನೀವು ಇಂಜಿನಿಯರ್ ಅಲ್ಲವಾ ಸಾರ್, ಬನ್ನಿ." ಸಿಮೆಂಟಿನ ಮೂಟೆ ಎಷ್ಟು ಕೆಜಿ ಎಂದು ಕೇಳಿದರೂ ಗೂಗಲ್ ಮಾಡಬೇಕಾದ ಇಂಜಿನಿಯರ್ ನಾನು. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಒಬ್ಬರು ಬೇಕಿತ್ತು, ಅಷ್ಟೇ.

ಆದರೆ ಅವರಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಅದಕ್ಕೆ ಹತ್ತು ದಿನ ಮೊದಲು ನಾನೂ ನನ್ನ ಹೆಂಡತಿಯೂ ಅದೇ ಟವರಿನ ಸೇಲ್ಸ್ ಆಫೀಸಿಗೆ ಹೋಗಿ, ಎಂಟನೇ ಮಹಡಿಯ ಎರಡು ಬೆಡ್‌ರೂಮ್ ಫ್ಲಾಟಿಗೆ ಒಂದು ಲಕ್ಷ ರೂಪಾಯಿಯ ಚೆಕ್ ಕೊಟ್ಟು ಬಂದಿದ್ದೆವು. 'ಆಸಕ್ತಿ ಪತ್ರ' ಎಂದು ಒಂದು ಫಾರಂ ತುಂಬಿಸಿಕೊಂಡಿದ್ದರು.

ನನ್ನ ಲೆಕ್ಕ ಸರಳವಿತ್ತು. ಕೆಲಸ ಶೋಲಿಂಗನಲ್ಲೂರಿನಲ್ಲಿ. ಹೋಗಿ ಬರಲು ದಿನಕ್ಕೆ ಮೂರು ಗಂಟೆ. ಮೆಟ್ರೋ ಎರಡನೇ ಹಂತದಲ್ಲಿ ಮಾಧವರಂನಿಂದ ಸಿರುಸೇರಿಗೆ ಹೋಗುವ ಮೂರನೇ ಕಾರಿಡಾರ್ ಪೆರಂಬೂರು, ಅಯನಾವರಂ, ಓಟ್ಟೇರಿ, ಪಟ್ಟಾಳಂ ಹಾದು ಹಳೆ ಮಹಾಬಲಿಪುರಂ ರಸ್ತೆಗೆ ಬರುತ್ತದೆ. ಸುಮಾರು 45 ಕಿಲೋಮೀಟರ್. ಅದು ಪೂರ್ತಿ ಆದ ದಿನ ನಾನು ಮನೆ ಹತ್ತಿರ ಹತ್ತಿ ಆಫೀಸ್ ಹತ್ತಿರ ಇಳಿಯಬಹುದು. ಅದು ಗೊತ್ತಿದ್ದೇ ಮರದ ಡಿಪೋಗೆ ಇದ್ದಕ್ಕಿದ್ದಂತೆ ಚಿನ್ನದ ಬೆಲೆ ಬಂದಿದ್ದು.

ಸರಿ, ತಾರಸಿಗೆ ಬರೋಣ. ಸುಮಾರು ಮೂವತ್ತು ಜನ ಸೇರಿದ್ದರು. ಎಲ್ಲರದ್ದೂ ವಿರೋಧ, ಆದರೆ ಒಬ್ಬೊಬ್ಬರದ್ದು ಒಂದೊಂದು ಕಾರಣಕ್ಕೆ.

ಐಸಿಎಫ್ ರೈಲು ಕೋಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಮೊದಲು ಎದ್ದರು. ಅವರಿಗೆ ಮೌಲಿವಾಕ್ಕಂ ಭಯ. 2014ರ ಜೂನ್ 28ರಂದು ಮಳೆಯ ಸಂಜೆ, ಕಟ್ಟುತ್ತಿದ್ದ 11 ಅಂತಸ್ತಿನ ಕಟ್ಟಡ ಕುಸಿದು 61 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದ ಕೂಲಿಕಾರರು. ಪಕ್ಕದಲ್ಲೇ ಇದ್ದ ಅದರ ಜೋಡಿ ಕಟ್ಟಡವನ್ನು 2016ರ ನವೆಂಬರಿನಲ್ಲಿ ಸ್ಫೋಟಕ ಇಟ್ಟು ಕೆಡವಿದರು. "ಹನ್ನೊಂದೇ ಬಿತ್ತು, ಇದು ಹತ್ತೊಂಬತ್ತು" ಎಂದರು ಹಿರಿಯರು.

ಇನ್ನೊಬ್ಬರಿಗೆ ನಮ್ಮಿಂದ ಸ್ವಲ್ಪವೇ ದೂರದ ಪುಳಿಯಾಂತೋಪಿನ ಕೆ.ಪಿ. ಪಾರ್ಕ್ ನೆನಪು. ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿ ಅದು. 2021ರ ಆಗಸ್ಟಿನಲ್ಲಿ ಅಲ್ಲಿನವರು ಗೋಡೆಯನ್ನು ಬೆರಳಿನಿಂದ ಉಜ್ಜಿ ಗಾರೆ ಉದುರಿಸಿ ತೋರಿಸಿದ್ದು ಎಲ್ಲ ಟಿವಿಗಳಲ್ಲೂ ಬಂತು. ಆಮೇಲೆ ಐಐಟಿಯವರು ಬಂದು ಪರೀಕ್ಷೆ ಮಾಡಿದರು.

ಓನರ್ ಅಮ್ಮನಿಗೆ ನೀರಿನ ಚಿಂತೆ. ಇಲ್ಲಿ ಯಾರೂ 2019ರ ಬೇಸಿಗೆ ಮರೆತಿಲ್ಲ. ನಗರಕ್ಕೆ ನೀರು ಕೊಡುವ ಕೆರೆಗಳು ಬತ್ತಿದ್ದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತಂದು ನಮ್ಮ ಪಕ್ಕದ ವಿಲ್ಲಿವಾಕ್ಕಂನಲ್ಲಿ ಇಳಿಸಿದರು. ಒಂದು ರೈಲಿಗೆ 50 ವ್ಯಾಗನ್, 25 ಲಕ್ಷ ಲೀಟರ್. ಅದು ಮೆಟ್ಟೂರಿನ ಕಡೆಯಿಂದ ಜೋಲಾರ್‌ಪೇಟೆಗೆ ಬಂದ ಕಾವೇರಿ ನೀರು. ಆಗ ಓನರ್ ಅಮ್ಮ ನನ್ನ ಮುಂದೆ ಕೊಡ ಇಟ್ಟುಕೊಂಡು, "ನಿಮ್ಮೂರ ನೀರು ಬಂತು ನೋಡಿ ಸಾರ್" ಎಂದು ನಕ್ಕಿದ್ದರು. ಕಾವೇರಿ ವಿಷಯದಲ್ಲಿ ಚೆನ್ನೈನಲ್ಲಿ ನನ್ನೊಂದಿಗೆ ಯಾರಾದರೂ ನಕ್ಕಿದ್ದು ಅದೊಂದೇ ಸಲ. ಈಗ ಅವರ ಪ್ರಶ್ನೆ ನೇರವಾಗಿತ್ತು: ಈಜುಕೊಳಕ್ಕೆ ಎಲ್ಲಿಂದ ನೀರು? ಅವರು ಆಳಕ್ಕೆ ಬೋರ್ ಹೊಡೆದರೆ ನಮ್ಮ ಬಾವಿಯ ಗತಿ ಏನು?

ಮೊಬೈಲ್ ಅಂಗಡಿಯ ಹುಡುಗ ಒಬ್ಬನೇ ಟವರಿನ ಪರ. "ನೂರು ಮನೆ ಬಂದರೆ ನೂರು ಮನೆಯ ವ್ಯಾಪಾರ ಬರುತ್ತದೆ. ನಿಮ್ಮ ಮನೆ ಬೆಲೆಯೂ ಏರುತ್ತದೆ, ಯಾಕೆ ಅಳುತ್ತೀರಿ?" ಎಂದ. ಯಾರೂ ಉತ್ತರ ಕೊಡಲಿಲ್ಲ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ.

ಇಸ್ತ್ರಿ ಗಾಡಿಯ ಅಣ್ಣ ಮೆಟ್ಟಿಲ ಹತ್ತಿರವೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಅವರ ಗಾಡಿ ನಿಲ್ಲುವುದು ಡಿಪೋದ ಕಾಂಪೌಂಡ್ ಗೋಡೆಗೆ ಒತ್ತಿಕೊಂಡು. ಬೋರ್ಡಿನ ಚಿತ್ರದಲ್ಲಿ ಆ ಜಾಗದಲ್ಲಿ ಟವರಿನ ಮುಖ್ಯ ಗೇಟ್ ಇದೆ.

ರಾತ್ರಿ ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅರ್ಜಿ ಬರೆಯಲು ಒಪ್ಪಿಕೊಂಡೆ ಎಂದಾಗ ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು.

"ಮನೆ ಬೇಕು ಅಂತ ಚೆಕ್ ಕೊಟ್ಟೋರೂ ನೀವೇ, ಬೇಡ ಅಂತ ಅರ್ಜಿ ಬರೆಯೋರೂ ನೀವೇನಾ?"

"ಒತ್ತಾಯ ಮಾಡಿದರು, ಇಲ್ಲ ಅನ್ನೋಕಾಗಲಿಲ್ಲ."

"ಇಲ್ಲಿ ಕಟ್ಟಬೇಡಿ ಅಂದರೆ ಇನ್ನೆಲ್ಲಿ ಕಟ್ಟಬೇಕು ಹೇಳಿ. ನಿಮ್ಮ ಆಫೀಸ್ ಇರೋ ಕಡೆ ಏನಿತ್ತು ಮೊದಲು?"

ಅವಳು ಹೇಳಿದ್ದು ಪಳ್ಳಿಕರಣೈ ವಿಷಯ. ದಕ್ಷಿಣ ಚೆನ್ನೈನ ಮಳೆ ನೀರನ್ನೆಲ್ಲ ಹೀರಿ ಹಿಡಿದಿಡುತ್ತಿದ್ದ ಆ ಜೌಗು ಪ್ರದೇಶದ ಬಹುಭಾಗ ರಸ್ತೆ, ಕಸದ ಗುಡ್ಡೆ, ಐಟಿ ಕಟ್ಟಡ, ಅಪಾರ್ಟ್‌ಮೆಂಟುಗಳ ಅಡಿ ಹೋಗಿದೆ. ಉಳಿದಿದ್ದಕ್ಕೆ 2022ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಊರಿನ ನಡುವೆ, ಮೆಟ್ರೋ ಪಕ್ಕದಲ್ಲಿ, ಆಗಲೇ ಕಟ್ಟಡವಿದ್ದ ಜಾಗದಲ್ಲಿ ಎತ್ತರಕ್ಕೆ ಕಟ್ಟಿದರೆ ಊರ ಹೊರಗಿನ ಕೆರೆಯಾದರೂ ಉಳಿಯುತ್ತದೆ ಎಂಬ ವಾದದಲ್ಲಿ ಅರ್ಥವಿದೆ. ಹನ್ನೊಂದು ವರ್ಷದಲ್ಲಿ ಬಾಡಿಗೆ ಎರಡರಷ್ಟಾಗಿದೆ ಎಂಬುದರಲ್ಲೂ ಅರ್ಥವಿದೆ. ನನ್ನ ಹತ್ತಿರ ಉತ್ತರವಿರಲಿಲ್ಲ.

ಅರ್ಜಿ ಬರೆಯುವ ಮುನ್ನ ನಿಯಮ ಓದೋಣ ಎಂದು ಕೂತೆ. ನಮ್ಮ ಉದ್ಯೋಗದಲ್ಲಿ ಕಲಿತದ್ದು ಅದೊಂದೇ, ಕೋಡ್ ಮುಟ್ಟುವ ಮುನ್ನ ಡಾಕ್ಯುಮೆಂಟ್ ಓದು ಎಂದು. ತಮಿಳುನಾಡಿನಲ್ಲಿ 2019ರಿಂದ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ನಿಯಮಾವಳಿ ಇದೆ. ಅದರ ಪ್ರಕಾರ 18.30 ಮೀಟರ್ ದಾಟಿದ್ದು 'ಹೈರೈಸ್'. ಸಾಮಾನ್ಯ ಕಟ್ಟಡಕ್ಕೆ ಎಫ್‌ಎಸ್‌ಐ 2, ಹೈರೈಸ್‌ಗೆ 3.25ರವರೆಗೆ. ಅಂದರೆ ಹತ್ತು ಸಾವಿರ ಚದರಡಿ ಸೈಟಿನಲ್ಲಿ ತಗ್ಗಿನ ಕಟ್ಟಡವಾದರೆ ಇಪ್ಪತ್ತು ಸಾವಿರ ಚದರಡಿ, ಎತ್ತರದ್ದಾದರೆ ಮೂವತ್ತೆರಡೂವರೆ ಸಾವಿರ. ಬಿಲ್ಡರುಗಳಿಗೆ ಆಕಾಶದ ಮೇಲೆ ಯಾಕಿಷ್ಟು ಪ್ರೀತಿ ಎಂದು ಅಲ್ಲಿ ಗೊತ್ತಾಯಿತು. ಆದರೆ ಎಷ್ಟು ಎತ್ತರ, ಎಷ್ಟು ವಿಸ್ತೀರ್ಣ ಎಂಬುದು ಎದುರಿನ ರಸ್ತೆಯ ಅಗಲವನ್ನು ಅವಲಂಬಿಸಿರುತ್ತದೆ.

ಸೇಲ್ಸ್ ಆಫೀಸಿನಲ್ಲಿ ಕೊಟ್ಟ ಬಣ್ಣದ ಪುಸ್ತಕ ತೆಗೆದು ನೋಡಿದೆ. 'ಅರವತ್ತು ಅಡಿ ರಸ್ತೆ' ಎಂದಿತ್ತು.

ಮರುದಿನ ಬೆಳಗ್ಗೆ ಐದೂವರೆಗೆ ಐಸಿಎಫ್ ಹಿರಿಯರೂ ನಾನೂ ಟೇಪ್ ಹಿಡಿದು ಹೊರಟೆವು. ಆ ಹೊತ್ತು ಬಿಟ್ಟರೆ ಆ ರಸ್ತೆಯಲ್ಲಿ ಟೇಪ್ ಹಿಡಿಯಲು ಆಗುವುದಿಲ್ಲ. ಅವರು ಆ ಕಡೆಯ ಗೋಡೆಗೆ ಟೇಪಿನ ತುದಿ ಒತ್ತಿ ಹಿಡಿದರು, ಈ ಕಡೆ ನಾನು ಓದಿದೆ. ಐದು ಕಡೆ ಅಳೆದೆವು. ಅತಿ ಅಗಲ ಇದ್ದ ಕಡೆ 52 ಅಡಿ. ದೇವಸ್ಥಾನದ ಹತ್ತಿರ 44. ಅರವತ್ತು ಎಲ್ಲೂ ಇರಲಿಲ್ಲ. ಹಿರಿಯರು ಟೇಪ್ ಸುತ್ತುತ್ತಾ, "ಕೋಚ್ ಫ್ಯಾಕ್ಟರಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ನಮ್ಮನ್ನು ಸುಮ್ಮನೆ ಬಿಡುತ್ತಿರಲಿಲ್ಲ ತಂಬಿ" ಎಂದರು.

ಡಿಪೋದ ವಾಚ್‌ಮನ್ ಇದನ್ನೆಲ್ಲ ನೋಡುತ್ತಿದ್ದವರು ಚಹಾ ಕುಡಿಯಲು ಜೊತೆಗೆ ಬಂದರು. ಅವರ ಕಥೆ ಅಂದು ಗೊತ್ತಾಯಿತು. ಅವರು ಮೊದಲು ಬಿನ್ನಿ ಮಿಲ್ಲಿನಲ್ಲಿದ್ದವರು.

ಬಿನ್ನಿ ಎಂದರೆ ನಮ್ಮಲ್ಲಿ ಹಲವರಿಗೆ ಬೆಂಗಳೂರಿನ ಬಿನ್ನಿ ಮಿಲ್, ಬಿನ್ನಿಪೇಟೆ ನೆನಪಾಗುತ್ತದೆ. ಅದೇ ಕಂಪನಿಯ ಮದ್ರಾಸಿನ ಮಿಲ್ಲು ಇದು. 1876ರಲ್ಲಿ ಬಕಿಂಗ್‌ಹ್ಯಾಮ್ ಮಿಲ್, ಕೆಲವು ವರ್ಷಗಳ ನಂತರ ಕರ್ನಾಟಿಕ್ ಮಿಲ್, 1920ರಲ್ಲಿ ಎರಡೂ ಸೇರಿ ಬಿ ಅಂಡ್ ಸಿ ಮಿಲ್ಸ್. 1918ರ ಏಪ್ರಿಲ್ 27ರಂದು ಬಿ.ಪಿ. ವಾಡಿಯಾ ಅಧ್ಯಕ್ಷರಾಗಿ ಹುಟ್ಟಿದ ಮದ್ರಾಸ್ ಲೇಬರ್ ಯೂನಿಯನ್ ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘ ಎನ್ನುತ್ತಾರೆ. ಅದು ಹುಟ್ಟಿದ್ದು ಈ ಮಿಲ್ಲಿನವರಿಂದ. 1921ರಲ್ಲಿ ತಿಂಗಳುಗಟ್ಟಲೆ ಮುಷ್ಕರ, ಗಲಭೆ, ಗೋಲಿಬಾರ್ ಎಲ್ಲ ನಡೆದದ್ದು ಇದೇ ಬೀದಿಗಳಲ್ಲಿ. 1996ರಲ್ಲಿ ಮಿಲ್ಲು ಮುಚ್ಚಿತು. ಆಮೇಲೆ ಬಹಳ ವರ್ಷ ಸಿನಿಮಾ ಫೈಟಿಂಗಿಗೆ ಮಾತ್ರ ಉಪಯೋಗಕ್ಕೆ ಬಂತು. ಈಗ ಆ ಜಾಗದಲ್ಲಿ ದೊಡ್ಡ ಟೌನ್‌ಶಿಪ್ ಎದ್ದಿದೆ, ಮಹಡಿ ಎಣಿಸುತ್ತಾ ನಿಂತರೆ ಕತ್ತು ನೋಯುತ್ತದೆ. ಬೆಂಗಳೂರಿನ ಬಿನ್ನಿ ಮಿಲ್ ಜಾಗದ್ದೂ ಹೆಚ್ಚುಕಡಿಮೆ ಅದೇ ಕಥೆ.

"ಅಲ್ಲಿ ಟವರ್ ಬಂದಾಗ ಬೇಜಾರಾಯಿತಾ?" ಎಂದು ವಾಚ್‌ಮನ್‌ರನ್ನು ಕೇಳಿದೆ.

"ಮಿಲ್ಲು ಮುಚ್ಚಿದಾಗ ಆಯಿತು. ಟವರ್ ಬಂದಾಗ ಏನೂ ಅನ್ನಿಸಲಿಲ್ಲ" ಎಂದರು.

ನನಗೆ ನನ್ನ ಅಪ್ಪ ನೆನಪಾದರು. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಅವರು ಲೆಕ್ಕ ಬರೆಯುತ್ತಿದ್ದರು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅದೂ ನಿಂತಿತು. ಆಮೇಲೆ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅಪ್ಪ ರಸ್ತೆಯ ಇನ್ನೊಂದು ಬದಿ ನೋಡಿಕೊಂಡು ನಡೆಯುತ್ತಿದ್ದರು. ಅಲ್ಲಿ ಏನು ಕಟ್ಟಿದರು ಎಂದು ಅವರು ಒಮ್ಮೆಯೂ ಕೇಳಿದ್ದು ನೆನಪಿಲ್ಲ.

ಅಂದು ರಾತ್ರಿ ಅರ್ಜಿ ಬರೆದೆ. 'ಟವರ್ ಬೇಡ' ಎಂದು ಬರೆಯಲಿಲ್ಲ. ನಾಲ್ಕು ವಿಷಯ ಕೇಳಿದೆ. ರಸ್ತೆಯ ಅಗಲವನ್ನು ಅಧಿಕಾರಿಗಳೇ ಬಂದು ಅಳೆಯಲಿ. ನೀರು ಎಲ್ಲಿಂದ, ಎಷ್ಟು ಎಂದು ಬರೆದು ತೋರಿಸಲಿ. ಬೇಸ್‌ಮೆಂಟಿಗೆ ಅಗೆಯುವಾಗ ಪಂಪ್ ಮಾಡುವ ನೀರು, ಮಳೆ ನೀರು ಯಾವ ಕಾಲುವೆಗೆ ಹೋಗುತ್ತದೆ ಎಂದು ಹೇಳಲಿ, ಯಾಕೆಂದರೆ 2023ರ ಡಿಸೆಂಬರಿನ ಮಿಚೌಂಗ್ ಚಂಡಮಾರುತದಲ್ಲಿ ಈ ಭಾಗ ದಿನಗಟ್ಟಲೆ ನೀರಿನಲ್ಲಿತ್ತು. ನಾಲ್ಕನೆಯದು, ಗೋಡೆ ಪಕ್ಕದಲ್ಲಿ ಬದುಕುತ್ತಿರುವವರಿಗೆ ಅಲ್ಲೇ ಜಾಗ ಬಿಡಲಿ.

ಅರ್ಜಿಯ ಕೊನೆಗೆ ಸಹಿಯ ಪಟ್ಟಿ. ಯಾವುದೋ ಹಳೆ ಅರ್ಜಿಯ ಮಾದರಿ ಕೊಟ್ಟಿದ್ದರು. ಅದರಲ್ಲಿ ಮೂರು ಕಾಲಂ: ಹೆಸರು, ಮನೆ ನಂಬರ್, ಆಸ್ತಿ ತೆರಿಗೆ ನಂಬರ್. ಹಾಗೇ ಪ್ರಿಂಟ್ ತೆಗೆದು ಮನೆಮನೆಗೆ ಹೋದೆ. ಮೂವತ್ತು ಜನ ಸೇರಿದ್ದ ಬೀದಿಯಲ್ಲಿ ಪಟ್ಟಿಗೆ ಸಿಕ್ಕಿದ್ದು ಹನ್ನೊಂದು ಸಹಿ. ಇಸ್ತ್ರಿ ಅಣ್ಣ ಪೆನ್ನು ತೆಗೆದುಕೊಂಡವರು ಮೂರನೇ ಕಾಲಂ ನೋಡಿ ವಾಪಸ್ ಕೊಟ್ಟರು. ಬಾಡಿಗೆಯವನಾದ ನಾನೂ ಅದರಲ್ಲಿ ಸಹಿ ಹಾಕುವಂತಿರಲಿಲ್ಲ, ಅರ್ಜಿ ಬರೆದವನಿಗೇ ಅರ್ಜಿಯಲ್ಲಿ ಜಾಗವಿಲ್ಲ.

ಮನೆಗೆ ಹೋಗಿ ಮೂರನೇ ಕಾಲಂ ಬದಲಾಯಿಸಿದೆ. ಆಸ್ತಿ ತೆರಿಗೆ ನಂಬರ್ ತೆಗೆದು 'ಈ ಬೀದಿಗೆ ಬಂದ ವರ್ಷ' ಎಂದು ಹಾಕಿದೆ.

ಎರಡು ಸಂಜೆಯಲ್ಲಿ ಪಟ್ಟಿ ತುಂಬಿತು. ವರ್ಷ ಕೇಳಿದರೆ ಜನ ಸುಮ್ಮನೆ ಸಹಿ ಹಾಕುವುದಿಲ್ಲ, ಕೂರಿಸಿಕೊಂಡು ಕಥೆ ಹೇಳುತ್ತಾರೆ. ವಾಚ್‌ಮನ್‌ರ ತಂದೆ ಆರ್ಕಾಟಿನ ಹಳ್ಳಿಯಿಂದ ಮಿಲ್ಲಿಗೆ ಬಂದವರು. ಐಸಿಎಫ್ ಹಿರಿಯರ ತಂದೆ ಬಂದಿದ್ದು 1955ರಲ್ಲಿ ಕೋಚ್ ಫ್ಯಾಕ್ಟರಿ ಶುರುವಾದಾಗ. ಓನರ್ ಅಮ್ಮನ ಮನೆ ಮಾತು ತೆಲುಗು, ಅದೂ ಆ ದಿನವೇ ನನಗೆ ಗೊತ್ತಾಗಿದ್ದು. ಅವರು ಮದುವೆಯಾಗಿ ನೆಲ್ಲೂರು ಕಡೆಯಿಂದ ಬಂದವರು, 1978. ಇಸ್ತ್ರಿ ಅಣ್ಣ 1989. ನಾವು 2014. ಮೊಬೈಲ್ ಅಂಗಡಿಯ ಹುಡುಗ ಹುಟ್ಟಿದ್ದೇ ಇಲ್ಲಿ, ಅವನೂ ನಗುತ್ತಾ ಸಹಿ ಹಾಕಿದ. "ಅಳೆಯಲಿ ಬಿಡಿ, ನನಗೇನು" ಎಂದ.

ಎಲ್ಲವನ್ನೂ ಎಕ್ಸೆಲ್ಲಿಗೆ ಹಾಕಿ ವರ್ಷದ ಪ್ರಕಾರ ಜೋಡಿಸಿದೆ, ಚಟ. ಮೊದಲ ಸಾಲಿಗೆ ಬಂದಿದ್ದು ಮೂಲೆಯಲ್ಲಿ ಕೂತು ಹೂ ಮಾರುವ ಪಾಟಿ. 1968. ಬೀದಿಯಲ್ಲಿ ಅವರಿಗಿಂತ ಹಳಬರು ಯಾರೂ ಇಲ್ಲ. ಮನೆ ನಂಬರ್ ಕಾಲಂ ಅವರದ್ದೊಂದೇ ಖಾಲಿ.

'ಸ್ಥಳೀಯರ ವಿರೋಧ' ಎಂದು ಪೇಪರಿನಲ್ಲಿ ಓದಿದಾಗ ನನಗೆ ಇಷ್ಟು ದಿನ ಒಂದು ಗುಂಪು ಕಣ್ಣಿಗೆ ಬರುತ್ತಿತ್ತು. ಸ್ಥಳೀಯರು ಅಂದರೆ ಅಲ್ಲೇ ಹುಟ್ಟಿ ಬೆಳೆದವರು, ನಾವು ಹೊರಗಿನವರು ಎಂದು. ಆ ಪಟ್ಟಿ ನೋಡಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ಎಲ್ಲರೂ ಬಂದವರೇ, ಬೇರೆ ಬೇರೆ ವರ್ಷ. ನಮ್ಮ ಕನ್ನಡದವರೂ ಹೀಗೇ ಬಂದರು. ಉಡುಪಿ ಕಡೆಯವರು ಮದ್ರಾಸಿನಲ್ಲಿ ಹೋಟೆಲ್ ಕಟ್ಟಿದರು. ಪೂನಮಲ್ಲಿ ಹೈರೋಡಿನ ದಾಸಪ್ರಕಾಶ ಹೋಟೆಲನ್ನು ಈ ಬೀದಿಯ ಹಿರಿಯರು ಇಂದಿಗೂ ದಾರಿ ಹೇಳಲು ಬಳಸುತ್ತಾರೆ, ಕಟ್ಟಡ ಕೆಡವಿ ವರ್ಷಗಳಾದರೂ. 1959ರಲ್ಲಿ ಮೌಂಟ್ ರೋಡಿನಲ್ಲಿ 14 ಮಹಡಿಯ ಎಲ್‌ಐಸಿ ಕಟ್ಟಡ ಎದ್ದಾಗ ಅದು ದೇಶಕ್ಕೇ ಎತ್ತರದ್ದು. ಈಗ ಅದನ್ನು ಕಂಡು ಯಾರೂ ಹೆದರುವುದಿಲ್ಲ, ಊರಿನ ಗುರುತು ಎನ್ನುತ್ತಾರೆ. ಎತ್ತರಕ್ಕೆ ಜನ ಹೊಂದಿಕೊಳ್ಳುತ್ತಾರೆ. ಆದರೆ ಮೊದಲು ಬಂದವರು ಎದ್ದು ಹೋಗದೆ ನಂತರ ಬಂದವರು ಕೂರುವ ದಾರಿ ಇದೆಯೇ ಎಂಬುದು ಬೇರೆ ಪ್ರಶ್ನೆ. ಮಿಲ್ಲಿನವರಿಗೆ, ಕೋಚ್ ಫ್ಯಾಕ್ಟರಿಯವರಿಗೆ, ನಮಗೆ, ಇಷ್ಟು ವರ್ಷ ಈ ಬೀದಿ ಜಾಗ ಮಾಡಿಕೊಟ್ಟಿತ್ತು. ಆ ಬೋರ್ಡಿನ ಚಿತ್ರದಲ್ಲಿ ಮಾತ್ರ ಹುಲ್ಲುಹಾಸು ಬಿಟ್ಟು ಬೇರೆ ಯಾರಿಗೂ ಜಾಗವಿಲ್ಲ.

ಅರ್ಜಿ ಕೊಡುವ ಹಿಂದಿನ ಸಂಜೆ ಮತ್ತೆ ತಾರಸಿಯಲ್ಲಿ ಸೇರಿದೆವು. ನನಗೆ ಇನ್ನು ಮುಚ್ಚಿಡಲು ಆಗಲಿಲ್ಲ. ಚೆಕ್ ಕೊಟ್ಟ ವಿಷಯ ಹೇಳಿಬಿಟ್ಟೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಓನರ್ ಅಮ್ಮ ಮುಖ ತಿರುಗಿಸಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಾನು ಅವರ ಮನೆ ಖಾಲಿ ಮಾಡುವ ಯೋಚನೆ ಮಾಡಿ, ಅವರಿಗೆ ಹೇಳದೆ ಇದ್ದದ್ದು ಅವರಿಗೆ ನೋವಾಗಿತ್ತು. ಟವರಿನ ವಿಷಯ ಆಮೇಲೆ.

ಐಸಿಎಫ್ ಹಿರಿಯರು ಮಾತ್ರ ಕೇಳಿದರು: "ರೇರಾ ನಂಬರ್ ಕೊಟ್ಟರಾ?"

ಕೊಟ್ಟಿರಲಿಲ್ಲ. ರೇರಾ ಕಾಯ್ದೆಯ ಮೂರನೇ ಸೆಕ್ಷನ್ ಪ್ರಕಾರ, ಇಷ್ಟು ದೊಡ್ಡ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ, 'ಬನ್ನಿ' ಎಂದು ಕರೆಯುವಂತೆಯೂ ಇಲ್ಲ. ನೋಂದಣಿ ಆದ ಮೇಲೂ ಕರಾರು ಪತ್ರಕ್ಕೆ ಮುಂಚೆ ಶೇಕಡಾ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. 'ಆಸಕ್ತಿ ಪತ್ರ' ಎಂದು ಹೆಸರಿಟ್ಟರೂ ಚೆಕ್ ಚೆಕ್ಕೇ. ಫ್ಲಾಟ್ ನೋಡುತ್ತಿರುವ ಓದುಗರು ಇದೊಂದನ್ನು ನೆನಪಿಟ್ಟುಕೊಳ್ಳಿ. ಎರಡು ಡಿಗ್ರಿ ಇಟ್ಟುಕೊಂಡ ನಾನು ಕೇಳದ ಪ್ರಶ್ನೆಯನ್ನು ಫ್ಲಾಟ್ ಕೊಳ್ಳುವ ಯೋಚನೆಯೇ ಇಲ್ಲದ ಎಪ್ಪತ್ತು ದಾಟಿದವರು ಕೇಳಿದರು.

ಹೆಂಡತಿಯೂ ನಾನೂ ಎರಡು ರಾತ್ರಿ ಮಾತಾಡಿ ಹಣ ವಾಪಸ್ ಕೇಳಿದೆವು. ಆರು ವಾರ ಓಡಾಡಿಸಿ ಕೊಟ್ಟರು. "ನಂಬರ್ ಬರಲಿ, ರಸ್ತೆ ಅಳೆಯಲಿ, ಆಮೇಲೆ ಬೇಕಾದರೆ ನೋಡೋಣ" ಎಂದು ಅವಳು ಹೇಳಿದ್ದಾಳೆ. ಕೊಳ್ಳುವುದೇ ಇಲ್ಲ ಎಂದು ನಾನೂ ಹೇಳಲಾರೆ. ನನಗೆ ಮನೆ ಬೇಕು, ಮಗಳು ಈ ಬೀದಿಯಲ್ಲೇ ಬೆಳೆಯಬೇಕು.

ಅರ್ಜಿ ಹೋಗಿದೆ. ಸ್ವೀಕೃತಿಯ ಸೀಲ್ ಬಿದ್ದ ಪ್ರತಿ ಓನರ್ ಅಮ್ಮನ ದೇವರ ಮನೆಯಲ್ಲಿದೆ. ಅವರು ಈಗ ನನ್ನೊಂದಿಗೆ ಮಾತಾಡುತ್ತಿದ್ದಾರೆ, ಮೊದಲಿನಷ್ಟಲ್ಲ. ಹಸಿರು ಬಟ್ಟೆ ಹಾಗೇ ಇದೆ, ಬೋರ್ಡೂ ಇದೆ. ಇಸ್ತ್ರಿ ಅಣ್ಣ ಬೋರ್ಡಿನ ಕೆಳಗಿನ ಕಂಬಕ್ಕೆ ಹಗ್ಗ ಕಟ್ಟಿ, ಇಸ್ತ್ರಿ ಆದ ಶರ್ಟುಗಳನ್ನು ನೇತು ಹಾಕುತ್ತಾರೆ. ಮೊನ್ನೆ ನನ್ನ ಶರ್ಟು ತರಲು ಹೋದಾಗ ಅದು ಚಿತ್ರದ ಹುಲ್ಲುಹಾಸಿನ ಮೇಲೆ, ಸರಿಯಾಗಿ ನಮ್ಮ ಮನೆ ಇರಬೇಕಾದ ಜಾಗದಲ್ಲಿ ತೂಗುತ್ತಿತ್ತು.

ಪುಣೆ, ಮುಂಬಯಿ, ಹೈದರಾಬಾದಿನಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಕೆಲಸ. ಈ ಭಾನುವಾರ ನಿಮ್ಮ ಬೀದಿಯ ನಾಲ್ಕು ಜನರನ್ನು ಕೇಳಿ ನೋಡಿ, ಯಾವ ವರ್ಷ ಬಂದಿರಿ ಎಂದು. ಮುಂದಿನ ತಿಂಗಳು ಸಿಗೋಣ.